ಹಳೆಯ ಜೀಪೂ ಹೊಸ ವಿದ್ಯಾರ್ಥಿಯೂ

ನೆಟ್ಟಣವು ರೈಲು ಪ್ರಯಾಣಿಕರಿಗೆ 'ಸುಬ್ರಹ್ಮಣ್ಯ ರೋಡ್' ಎಂಬ ನಿಲ್ದಾಣದ ಹೆಸರಿನಿಂದಲೇ ಹೆಚ್ಚು ಪರಿಚಿತವಾದ ಊರು. ಇಲ್ಲಿಂದ ಸಕಲೇಶಪುರದ ವರೆಗಿನ ಸುಮಾರು 55 ಕಿಲೋಮೀಟರುಗಳ ಘಟ್ಟದ ಹಾದಿಯಲ್ಲಿ ರೈಲು 50 ಮೀಟರಿಗೆ ಒಂದು ಮೀಟರಿನಂತೆ ಮೇಲೇರಬೇಕು. ಆದುದರಿಂದ ಭಾರದ ಗಾಡಿಗಳನ್ನು ಏರಿಸಲು ಹೆಚ್ಚಿನ ಎಂಜಿನುಗಳ ನೆರವು ಬೇಕಾಗುತ್ತದೆ. ರೈಲಿಗೇ ಇಷ್ಟು ಪ್ರಯಾಸವಾದ ಈ ಸೀಮೆಯಲ್ಲಿ ಬಸ್ಸು ಮುಟ್ಟದ ತೋಟದ ಮನೆಗಳಿಗೆ ಹಲವು ದಶಕಗಳ ಕಾಲ ಅಡಿಕೆಯ ಮೂಟೆಯನ್ನೂ, ಗೊಬ್ಬರವನ್ನೂ, ಮದುವೆಯ ದಿಬ್ಬಣವನ್ನೂ, ನಡುರಾತ್ರಿಯ ರೋಗಿಯನ್ನೂ ಹೊತ್ತುದು ಜೀಪು. ಪುತ್ತೂರು, ಸುಳ್ಯ, ಕಡಬಗಳ ಕಡೆ 'ಸರ್ವಿಸ್ ಜೀಪು' ಎಂದರೆ ಅರ್ಥವಾಗದವರು ಇಲ್ಲ.

ಈಗ ರಸ್ತೆಗಳು ಉತ್ತಮವಾಗಿವೆ, ಹೊಸ ಕಾರುಗಳು ಬಂದಿವೆ. ಹಳೆಯ ಜೀಪು ಅನೇಕ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕಕ್ಕೆ ಸರಿದಿದೆ. ಅದನ್ನು ಏನು ಮಾಡಬೇಕು? ಗುಜರಿಗೆ ಹಾಕಿ ಕೈತೊಳೆದುಕೊಳ್ಳಿರೆಂದು ಕೆಲವರು ಹೇಳುತ್ತಾರೆ. ಹಿರಿಯರ ಕಾಲದ್ದು, ಇದ್ದಲ್ಲೇ ಇರಲೆಂದು ಕೆಲವರು ಸುಮ್ಮನಿರುತ್ತಾರೆ. ಇದ್ದಲ್ಲೇ ಇರುವ ಜೀಪನ್ನು ಮಳೆ ತಿಂದು ಮುಗಿಸುತ್ತದೆ. ಇವೆರಡೂ ದಾರಿಗಳು ನಷ್ಟದ ದಾರಿಗಳೆಂದು ನನ್ನ ಅಭಿಪ್ರಾಯ. ತಕ್ಕ ಎಚ್ಚರದೊಂದಿಗೆ ಮನೆಯಲ್ಲೇ ಅದನ್ನು ದುರಸ್ತಿ ಮಾಡುತ್ತ, ಮಿತವಾಗಿ ಓಡಿಸುತ್ತ, ಅದರಿಂದ ಕಲಿಯಬೇಕು. ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಓದುತ್ತಿರುವ ವಿದ್ಯಾರ್ಥಿಗೆ ಇಷ್ಟು ಅಗ್ಗದಲ್ಲಿ ಇಂತಹ ಪ್ರಯೋಗಶಾಲೆ ಬೇರೆ ದೊರೆಯಲಾರದು.

ಜೀಪಿನ ಚರಿತ್ರೆ ಎರಡನೆಯ ಮಹಾಯುದ್ಧದಿಂದ ಆರಂಭವಾಗುತ್ತದೆ. ಅಮೆರಿಕದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲೀಸ್ ಜೀಪಿನ ವಿನ್ಯಾಸವು ಯುದ್ಧಾನಂತರ ರೈತರ ಉಪಯೋಗಕ್ಕೆ ಬಂದಿತು. 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಸಂಸ್ಥೆಯು ಆ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಇದನ್ನು ಜೋಡಿಸತೊಡಗಿ, ಅನಂತರ ಇಲ್ಲಿಯೇ ತಯಾರಿಸಿತು. ಮೂಲ ಎಂಜಿನಿನ ಸಾಮರ್ಥ್ಯ ಸುಮಾರು 2.2 ಲೀಟರು, ಶಕ್ತಿ 60 ಅಶ್ವಬಲ. ಇಂದಿನ ಸಣ್ಣ ಕಾರುಗಳೂ ಇದನ್ನು ಮೀರಿಸುತ್ತವೆ. ಆದರೆ ಅದರ ಯಾವ ಭಾಗವೂ ಮುಚ್ಚಿಟ್ಟ ಪೆಟ್ಟಿಗೆಯಲ್ಲ. ಬಾನೆಟ್ಟನ್ನು ಎತ್ತಿದರೆ ಕಾರ್ಬುರೇಟರು, ಡಿಸ್ಟ್ರಿಬ್ಯೂಟರು, ಡೈನಮೊ, ನೀರಿನ ಪಂಪು ಇವೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ.

ಪಟ್ಟಣಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳಿದ್ದಾರೆ. ಅವರ ಆನಂದದ ಗುಟ್ಟೂ ಇದೇ. 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮುಂಭಾಗವು ಮಡ್‌ಗಾರ್ಡುಗಳ ಸಹಿತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು; ಕೆಲಸಗಾರನು ಚಕ್ರದ ಮೇಲೆಯೇ ಕುಳಿತು ಎಂಜಿನನ್ನು ಸರಿಪಡಿಸಬಹುದಾಗಿತ್ತು. ಸ್ಪೋರ್ಟ್ಸ್ ಕಾರು ವೇಗಕ್ಕಾಗಿ ಹುಟ್ಟಿದ್ದು, ಜೀಪು ಕೆಸರಿಗಾಗಿ. ಆದರೂ ಮಾಡಿನ ಹಂಗಿಲ್ಲದ ಈ ಎರಡು ಬಂಡಿಗಳ ಮುಪ್ಪಿನ ಕಾಯಿಲೆಗಳು ಒಂದೇ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ನೋಡೋಣ.

ಮೊದಲನೆಯದು ಕಿಡಿ. ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿಗೂ ಎರಡು ಸುತ್ತಿಗೆ ಒಂದು ಕಿಡಿ ಬೇಕು. ಎಂದರೆ ನಿಮಿಷಕ್ಕೆ 4000 ಕಿಡಿಗಳು, ಗಂಟೆಗೆ 2,40,000. ಅಷ್ಟು ಸಲವೂ ಮೆಕ್ಯಾನಿಕರು 'ಸಿ.ಬಿ. ಪಾಯಿಂಟು' ಎಂದು ಕರೆಯುವ ಪುಟ್ಟ ಸಂಪರ್ಕವು ತೆರೆದು ಮುಚ್ಚಬೇಕು. ಅದು ತೆರೆದಾಗ ಇರಬೇಕಾದ ಅಂತರ ಸುಮಾರು ಅರ್ಧ ಮಿಲಿಮೀಟರು. ಇಷ್ಟು ಬಡಿತವನ್ನು ತಾಳುವ ಭಾಗ ಸವೆಯುವುದರಲ್ಲಿ ಆಶ್ಚರ್ಯವೇನಿದೆ? ಫೀಲರ್ ಗೇಜಿನಿಂದ ಆ ಅಂತರವನ್ನು ಅಳೆದು ಸರಿಪಡಿಸುವುದು ಹದಿನಾರು ವರ್ಷದ ಹುಡುಗನಾಗಲಿ ಹುಡುಗಿಯಾಗಲಿ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಕೆಲಸ. ಆಷಾಢದ ಮುಂಜಾನೆ ಜೀಪು ಹೊರಡದಿದ್ದರೆ ಅನೇಕ ವೇಳೆ ಕಾರಣ ಇನ್ನೂ ಸರಳ: ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕುಳಿತ ತೇವದ ಮೂಲಕ ವಿದ್ಯುತ್ತು ಅಡ್ಡದಾರಿ ಹಿಡಿದಿರುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಡೀಸೆಲ್ ಜೀಪಿಗೆ ಈ ತೊಂದರೆಯಿಲ್ಲ. ಅದರಲ್ಲಿ ಗಾಳಿಯು ಒತ್ತಡದಿಂದಲೇ ಕಾಯ್ದು ಎಣ್ಣೆಯನ್ನು ಹೊತ್ತಿಸುತ್ತದೆ.

ಎರಡನೆಯದು ತುಕ್ಕು. ವರ್ಷಕ್ಕೆ 3500 ಮಿಲಿಮೀಟರನ್ನೂ ಮೀರಿ ಮಳೆ ಸುರಿಯುವ ಈ ನಾಡಿನಲ್ಲಿ ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಧಾರಾಳವಾಗಿ ದೊರೆಯುತ್ತವೆ. ಆದರೆ ಅಡಿಕೆ ಬೆಳೆಗಾರನ ಜೀಪಿಗೆ ಇನ್ನೊಂದು ಶತ್ರುವಿದೆ: ಕೊಳೆರೋಗದ ಸಿಂಪರಣೆಗೆಂದು ಅದು ಹೊರುವ ಮೈಲುತುತ್ತು. ಬೋರ್ಡೋ ದ್ರಾವಣ ತಯಾರಿಸುವವರು ಹೊಳೆಯುವ ಚೂರಿಯನ್ನು ಅದರಲ್ಲಿ ಅದ್ದಿ ನೋಡುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಚೂರಿಯ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತಾಮ್ರದ್ದು. ತಾಮ್ರ ಬಂದು ಕುಳಿತಷ್ಟೂ ಕಬ್ಬಿಣ ಕರಗಿ ಹೋಗಿದೆ. ಲೆಕ್ಕ ಹಾಕಿದರೆ ಒಂದು ಕಿಲೋಗ್ರಾಂ ಮೈಲುತುತ್ತು ಸುಮಾರು 224 ಗ್ರಾಂ ಕಬ್ಬಿಣವನ್ನು ಕರಗಿಸಬಲ್ಲದು. ಚೀಲದಿಂದ ಉದುರಿದ ಹರಳುಗಳು ಜೀಪಿನ ತಳದ ತಗಡಿನಲ್ಲಿ ಮಳೆನೀರಿನೊಂದಿಗೆ ಸೇರಿದಾಗ ನಡೆಯುವುದೂ ಇದೇ ಕ್ರಿಯೆ. ಅಷ್ಟಕ್ಕೇ ಮುಗಿಯದೆ, ಅಲ್ಲಿ ಉಳಿದ ತಾಮ್ರವು ಕಬ್ಬಿಣದೊಡನೆ ಸೇರಿ ಪುಟ್ಟ ವಿದ್ಯುತ್ಕೋಶವಾಗಿ ಕೊರೆತವನ್ನು ಮುಂದುವರಿಸುತ್ತದೆ. ಪರಿಹಾರಕ್ಕೆ ಖರ್ಚಿಲ್ಲ. ಮೈಲುತುತ್ತನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಒಯ್ಯಬೇಕು. ತಳವನ್ನು ತೊಳೆದು, ನೀರು ಹರಿಯುವ ತೂತುಗಳ ಕೆಸರನ್ನು ತೆಗೆದು ಒಣಗಿಸಬೇಕು. ತುಕ್ಕನ್ನು ಉಜ್ಜಿ ತೆಗೆದ ಮೇಲೆ ಸತುವಿನ ಅಂಶವುಳ್ಳ ಬಣ್ಣವನ್ನು ಬಳಿದರೆ, ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಮೂರನೆಯದು ಇಂಧನ. 2000ದಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸವು ಮರೆಯಾಯಿತು. ಅದು ಜನರ ಆರೋಗ್ಯಕ್ಕೆ ಅಗತ್ಯವಾಗಿದ್ದ ಕ್ರಮ. ಈಗ ಬಂದಿರುವುದು ಎಥನಾಲು. 2025ರಲ್ಲಿ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲನ್ನು ಬೆರೆಸುವ ಗುರಿಯನ್ನು ದೇಶವು ಮುಟ್ಟಿತು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು; ಎಥನಾಲಿಗೆ 9 ಸಾಕು. ಹೊಸ ಕಾರಿನಲ್ಲಿ ಹೊಗೆಯ ಆಮ್ಲಜನಕವನ್ನು ಅಳೆದು ಇಂಧನವನ್ನು ಹೊಂದಿಸುವ ಉಪಕರಣವಿದೆ. ಹಳೆಯ ಕಾರ್ಬುರೇಟರಿಗೆ ಅಂತಹ ಜ್ಞಾನೇಂದ್ರಿಯವಿಲ್ಲ. ಅದು ಹಿಂದಿನ ಪ್ರಮಾಣದಲ್ಲಿಯೇ ಇಂಧನವನ್ನು ಕೊಡುತ್ತದೆ. ಪರಿಣಾಮವಾಗಿ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಎಂಜಿನು ಮುಗ್ಗರಿಸಿ ಓಡುತ್ತದೆ. ಇದಕ್ಕೆ ತುಸು ದೊಡ್ಡ ರಂಧ್ರದ ಜೆಟ್ಟನ್ನು ಹಾಕಿಸಬೇಕಾಗಬಹುದು. ಎಥನಾಲು ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಅದು ನೀರನ್ನು ಹೀರಿಕೊಳ್ಳುವ ದ್ರವವೂ ಹೌದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಬಂಡಿಯ ಟ್ಯಾಂಕಿಯಲ್ಲಿ ನೀರು ಮಿತಿ ಮೀರಿದರೆ, ನೀರೂ ಎಥನಾಲೂ ಕೂಡಿ ತಳಕ್ಕೆ ಇಳಿಯುತ್ತವೆ. ಎಂಜಿನಿಗೆ ಮೊದಲು ಹರಿಯುವುದು ಅದೇ. ಪೆಟ್ರೋಲಿನ ಹಳೆಯ ರಬ್ಬರ್ ಕೊಳವೆಗಳನ್ನು ಎಥನಾಲು ತಾಳುವ ಹೊಸ ಕೊಳವೆಗಳಿಗೆ ಬದಲಾಯಿಸುವುದನ್ನು ಯಾರೂ ಮುಂದೂಡಬಾರದು. ಬಿಸಿ ಎಂಜಿನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲು ಬಂಡಿಯನ್ನು ಮಾತ್ರ ಸುಡುವುದಿಲ್ಲ.

ನಾಲ್ಕನೆಯದು ಬ್ರೇಕು. ಸಾಮಾನು ಸಹಿತ 1200 ಕಿಲೋಗ್ರಾಂ ತೂಗುವ ಜೀಪು ಘಟ್ಟದಲ್ಲಿ 500 ಮೀಟರು ಕೆಳಗಿಳಿದರೆ ಸುಮಾರು 59 ಲಕ್ಷ ಜೂಲು ಶಕ್ತಿ ಹೊರಬೀಳುತ್ತದೆ. 30 ಡಿಗ್ರಿಯಲ್ಲಿರುವ 20 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಆ ಶಾಖದ ಬಹುಪಾಲು ಬ್ರೇಕಿನ ಡ್ರಮ್ಮುಗಳಿಗೆ ಹೋಗುತ್ತದೆ. ಏರುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತಿನಲ್ಲಿ ಈ ಲೆಕ್ಕವೇ ಅಡಗಿದೆ. ಶಕ್ತಿಯ ದೊಡ್ಡ ಪಾಲನ್ನು ಆಗ ಎಂಜಿನು ನುಂಗಿಕೊಳ್ಳುತ್ತದೆ. ಬ್ರೇಕಿನ ಎಣ್ಣೆಗೂ ನೀರನ್ನು ಹೀರುವ ಗುಣವುಂಟು. ಸಾಮಾನ್ಯವಾದ 'ಡಾಟ್ 3' ಎಣ್ಣೆ ಹೊಸದಿದ್ದಾಗ 205 ಡಿಗ್ರಿಯ ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದು ಆವಿಯಾದರೆ, ಆವಿಯನ್ನು ಒತ್ತಬಹುದಾದುದರಿಂದ, ಪೆಡಲು ನೆಲಕ್ಕೆ ಹೋದರೂ ಬ್ರೇಕು ಹಿಡಿಯದು. ವರ್ಷಗಟ್ಟಲೆ ಬದಲಾಗದ ಆ ಎಣ್ಣೆಯಿಂದ ಬಿಸಿಲೆ ಘಟ್ಟದ ತಿರುವಿನಲ್ಲಿ ಜೀವವೇ ಹೋಗಬಹುದು.

ಇಷ್ಟನ್ನು ಹೇಳಿದ ಮೇಲೆ ಎದುರುಪಕ್ಷದವರ ಮಾತನ್ನೂ ಕೇಳಬೇಕು. ಹಳೆಯ ಜೀಪು ಹೊಗೆ ಉಗುಳುತ್ತದೆಂದು ಅವರು ಹೇಳುತ್ತಾರೆ. ಇದು ನಿಜ. 2020ರ ಏಪ್ರಿಲಿನಿಂದ ಜಾರಿಯಲ್ಲಿರುವ ಆರನೆಯ ಭಾರತ್ ಹಂತದ ಬಂಡಿಗಳ ಮುಂದೆ ಅದು ಎಷ್ಟು ಚೆನ್ನಾಗಿ ಹೊಂದಿಸಿದರೂ ಮಲಿನವೇ. ಆದುದರಿಂದಲೇ ಅದನ್ನು ದಿನವೂ ಪೇಟೆಗೆ ಓಡಿಸುವುದನ್ನು ನಾನು ಸಮರ್ಥಿಸಲಾರೆ. ತೋಟದ ಕೆಲಸಕ್ಕೂ ಕಲಿಕೆಗೂ ಅದು ತಕ್ಕದ್ದು. ಅಪಾಯಕಾರಿ ಎಂಬ ಎರಡನೆಯ ಆಕ್ಷೇಪಣೆಯೂ ಸುಳ್ಳಲ್ಲ. ಅದಕ್ಕಾಗಿ ಮನೆಯ ದುರಸ್ತಿಗೆ ಎಲ್ಲೆಯನ್ನು ಹಾಕಿಕೊಳ್ಳಬೇಕು. ಬರಿಯ ಜಾಕಿನ ಮೇಲೆ ನಿಂತ ಬಂಡಿಯ ಅಡಿಗೆ ಯಾರೂ ನುಸುಳಕೂಡದು. ಬ್ರೇಕು, ಸ್ಟಿಯರಿಂಗು, ಚಾಸಿಯ ವೆಲ್ಡಿಂಗು, ಡೀಸೆಲ್ ಪಂಪು ಇವನ್ನು ಪಳಗಿದ ಮೆಕ್ಯಾನಿಕನಿಗೇ ಬಿಡಬೇಕು. ವಿದ್ಯಾರ್ಥಿಯು ಪಕ್ಕದಲ್ಲಿ ನಿಂತು ನೋಡಲಿ, ಕೇಳಲಿ. ಹಳೆಯ ಬ್ರೇಕು ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದಾದುದರಿಂದ ಡ್ರಮ್ಮಿನ ಧೂಳನ್ನು ಊದಬಾರದು. ತೆಗೆದ ಎಂಜಿನ್ ಆಯಿಲನ್ನು ತೋಡಿಗೆ ಚೆಲ್ಲಿದರೆ ಅದು ಕುಮಾರಧಾರೆಯನ್ನು ಸೇರುತ್ತದೆ. ಅದನ್ನು ಡಬ್ಬದಲ್ಲಿ ತುಂಬಿ ಆಯಿಲು ಕೊಳ್ಳುವವರಿಗೆ ಒಪ್ಪಿಸಬೇಕು.

ಕಾನೂನಿನ ವಿಷಯದಲ್ಲಿ ಅನಾವಶ್ಯಕ ಭಯವೂ ಇದೆ. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ. ಅನಂತರ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಇದರ ಶುಲ್ಕವು 2022ರಿಂದ ಏರಿದೆಯೆಂಬುದು ನಿಜ. ಹೊರೆಯಾದರೂ ಈ ಪರೀಕ್ಷೆಯ ತತ್ತ್ವವನ್ನು ನಾನು ಒಪ್ಪುತ್ತೇನೆ. ಬಂಡಿಯನ್ನು ಅಳೆಯಬೇಕಾದುದು ಅದರ ವಯಸ್ಸಿನಿಂದಲ್ಲ, ಅದರ ಸ್ಥಿತಿಯಿಂದ. ಸ್ಥಿತಿಯನ್ನು ಬಲ್ಲ ಒಡೆಯನಿಗೆ ಪರೀಕ್ಷಕನ ಭಯವೇಕೆ?

ನಮ್ಮ ನಿಜವಾದ ಆತಂಕ ಬೇರೆಯದು. ಜೀಪಿನ ಸದ್ದನ್ನು ಕೇಳಿಯೇ ರೋಗವನ್ನು ಹೇಳಬಲ್ಲ ಮೆಕ್ಯಾನಿಕರು ಈ ಊರುಗಳಲ್ಲಿ ವೃದ್ಧರಾಗುತ್ತಿದ್ದಾರೆ. ಅವರ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಇನ್ನೊಂದು ಕಡೆ ಹೊಸ ಯಂತ್ರಗಳು ಒಡೆಯನಿಗೆ ಬಾಗಿಲು ತೆರೆಯದಂತೆ ತಯಾರಾಗುತ್ತಿವೆ. ಕೊಂಡವನಿಗೆ ದುರಸ್ತಿಯ ಹಕ್ಕೂ ಇದೆಯೆಂಬ ವಾದವನ್ನು ಒಪ್ಪಿ ಭಾರತ ಸರಕಾರವು 2022ರಲ್ಲಿ ಅದಕ್ಕೆಂದು ಮಾಹಿತಿ ತಾಣವೊಂದನ್ನು ತೆರೆಯಿತು. ಆದರೆ ದುರಸ್ತಿ ಮಾಡಬಲ್ಲ ಕೈಗಳೇ ಇಲ್ಲವಾದರೆ ಹಕ್ಕಿನಿಂದ ಪ್ರಯೋಜನವೇನು?

ಪುತ್ತೂರು, ಸುಳ್ಯಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಹೋಬಳಿಗಳಲ್ಲಿ ಪ್ರೌಢಶಾಲೆಗಳಿವೆ. ಪ್ರತಿಯೊಂದು ಶಾಲೆಯ ವಿಜ್ಞಾನ ಸಂಘವೂ ಊರಿನ ಒಂದು ಹಳೆಯ ಜೀಪನ್ನು ಆರಿಸಿಕೊಂಡು, ಒಡೆಯನ ಅನುಮತಿ ಪಡೆದು, ಅದಕ್ಕೊಂದು ದಿನಚರಿ ಪುಸ್ತಕವನ್ನು ಇಡಲಿ. ಲೀಟರಿಗೆ ಎಷ್ಟು ಕಿಲೋಮೀಟರು ಓಡಿತು, ರೇಡಿಯೇಟರಿನ ನೀರು ಎಷ್ಟು ಕಾಯಿತು, ತುಕ್ಕಿನ ಕಲೆ ಒಂದು ಮಳೆಗಾಲದಲ್ಲಿ ಎಷ್ಟು ಹರಡಿತು ಎಂಬುದನ್ನು ಅಳೆದು ಬರೆಯಲಿ. ಹಿರಿಯ ಮೆಕ್ಯಾನಿಕರನ್ನು ಶಾಲೆಗೆ ಕರೆದು, ಅವರ ಮಾತನ್ನು ಅವರದೇ ಪದಗಳಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ. ಸಿಂಪರಣೆಯ ಪಂಪನ್ನೂ ಹುಲ್ಲು ಕತ್ತರಿಸುವ ಯಂತ್ರವನ್ನೂ ಮನೆಯಲ್ಲೇ ಬಿಚ್ಚಿ ಜೋಡಿಸುವ ಕೃಷಿಕರ ಮಕ್ಕಳಿಗೆ ಈ ಕೆಲಸ ಹೊಸದೇನೂ ಅಲ್ಲ.

ಕೆಲವು ವರ್ಷಗಳಲ್ಲಿ ವಿದ್ಯುತ್ ವಾಹನಗಳು ಘಟ್ಟವನ್ನೂ ಏರಿಯಾವು. ಪೆಟ್ರೋಲ್ ಎಂಜಿನು ವಸ್ತು ಸಂಗ್ರಹಾಲಯವನ್ನು ಸೇರೀತು. ಆಗಲೂ ಕಬ್ಬಿಣ ತುಕ್ಕು ಹಿಡಿಯುತ್ತದೆ, ಇಳಿಜಾರಿನಲ್ಲಿ ಬ್ರೇಕು ಕಾಯುತ್ತದೆ, ತೇವದಲ್ಲಿ ವಿದ್ಯುತ್ತು ದಾರಿ ತಪ್ಪುತ್ತದೆ. ಇವನ್ನು ಕೈಯಾರೆ ಕಂಡು ಕಲಿತವನಿಗೆ ಮುಂದಿನ ಯಂತ್ರವೂ ತೀರ ಅಪರಿಚಿತವಾಗಲಾರದು. ಈ ಸಲದ ಮಳೆಗಾಲಕ್ಕೆ ಮುನ್ನ ನಿಮ್ಮ ಮನೆಯ ಅಥವಾ ನೆರೆಮನೆಯ ಜೀಪಿನ ಬಾನೆಟ್ಟನ್ನು ಒಮ್ಮೆ ಎತ್ತಿ ನೋಡಿರಿ. ನೋಡುವಾಗ ಒಂದು ಪುಸ್ತಕವೂ ಪೆನ್ಸಿಲೂ ಜೊತೆಯಲ್ಲಿರಲಿ.