ಅಂಕ ಬರೆಯುವ ಅಜ್ಜ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ನಿಮ್ಮ ಮನೆಯ ಅಜ್ಜ, ಅಜ್ಜಿಗೂ ಓದಿ ಹೇಳಿ.

ನನ್ನ ಮೊಮ್ಮಗ ಏಳನೇ ತರಗತಿ. ಬಿದಿರಿನ ಬಿಲ್ಲಿನಲ್ಲಿ ಬಾಣ ಬಿಡುವುದನ್ನು ಕಲಿಯುತ್ತಿದ್ದಾನೆ. ನಮ್ಮ ದೇಶದಲ್ಲಿ ಈ ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಎಂಬ ಸ್ಪರ್ಧೆಯಿದೆ. 50 ಮತ್ತು 30 ಮೀಟರ್ ದೂರದಿಂದ ಗುರಿ ಹೊಡೆಯಬೇಕು. ರಾಜಸ್ಥಾನದ ಲಿಂಬಾ ರಾಮ್ ಹುಡುಗನಾಗಿದ್ದಾಗ ಹಿಡಿದದ್ದೂ ಬಿದಿರಿನ ಬಿಲ್ಲನ್ನೇ. ಮುಂದೆ ಅವರು 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? ಮೊಮ್ಮಗನ ಜೊತೆ ಮೈದಾನಕ್ಕೆ ಹೋಗಿ ಪ್ರತಿ ಬಾಣದ ಅಂಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸಂಜೆ ಕೂಡಿಸಿ, “ನಿನ್ನೆಗಿಂತ ಹನ್ನೊಂದು ಕಡಿಮೆ ಕಣೋ” ಎನ್ನುತ್ತಿದ್ದೆ. ಅಂಕ ದಿನದಿನಕ್ಕೂ ಇಳಿಯಿತು. ಒಂದು ಸಂಜೆ ಅವನು ಬಿಲ್ಲನ್ನು ಮೂಲೆಗೆ ಒರಗಿಸಿ, “ತಾತ, ನಾಳೆಯಿಂದ ನಾನು ಹೋಗಲ್ಲ” ಎಂದ.

ಮರುದಿನ ನಾನೊಬ್ಬನೇ ಅವನ ಕೋಚ್ ಬಳಿ ಹೋದೆ. “ಸರ್, ಅವನು ನಿಲ್ಲೋದು ಸರಿಯಾಗೇ ಇದೆ. ಆದರೆ ನಡುವಿನ ಹಳದಿ ಕಂಡ ಕೂಡಲೇ ಬೆರಳು ಬಿಟ್ಟುಬಿಡ್ತಾನೆ. ಹೆದೆ ಪೂರ್ತಿ ಎಳೆಯೋ ಮೊದಲೇ ಬಾಣ ಹೊರಟಿರುತ್ತೆ” ಎಂದರು. ಎಷ್ಟೋ ಬಿಲ್ಲುಗಾರರಿಗೆ ಈ ತೊಂದರೆ ಬರುತ್ತದಂತೆ. ತಪ್ಪೀತೆಂಬ ಹೆದರಿಕೆ ಹೆಚ್ಚಿದಷ್ಟೂ ಅವಸರವೂ ಹೆಚ್ಚು. ಆ ಹೆದರಿಕೆ ತುಂಬಿದವರು ಯಾರೆಂದು ಅವರು ಹೇಳಲಿಲ್ಲ. ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು.

ಮೊಮ್ಮಗನನ್ನು ಒಪ್ಪಿಸಿ ಕರೆದೊಯ್ದೆ. ಕೋಚ್ ಗುರಿಯ ಕಾಗದವನ್ನೇ ತೆಗೆಸಿದರು. ನಾಲ್ಕೈದು ಹೆಜ್ಜೆ ದೂರದಲ್ಲಿ ಬರಿಯ ಹುಲ್ಲಿನ ದಿಂಡು. ಎಲ್ಲಿ ನಾಟಿದರೂ ಅಂಕವಿಲ್ಲ. ಗಮನವೆಲ್ಲ ಮೈಯ ಮೇಲೆ. ಗುರಿಗೆ ಅಡ್ಡವಾಗಿ ನಿಂತು, ಪಾದಗಳ ನಡುವೆ ಭುಜದಷ್ಟು ಅಗಲ ಬಿಡಬೇಕು. ಭುಜ ಮೇಲೇರಬಾರದು. ಎಳೆತ ತೋಳಿನದಲ್ಲ, ಬೆನ್ನಿನದು. ಎಳೆದ ಕೈಯ ತೋರುಬೆರಳು ಪ್ರತಿ ಸಲವೂ ಬಾಯಿಯ ಮೂಲೆಗೆ ತಾಗಿ ನಿಲ್ಲಬೇಕು. ಅಲ್ಲಿಗೆ ಬರದೆ ಹೋದರೆ ಎಳೆತ ಕಡಿಮೆಯಾಗಿ ಬಾಣ ಕೆಳಗೆ ಬೀಳುತ್ತದೆ. ತಾಗಿದ ಮೇಲೆ ಮನಸ್ಸಿನಲ್ಲೇ ‘ಒಂದು, ಎರಡು’ ಎಣಿಸಿ ಬೆರಳು ಸಡಿಲಿಸಬೇಕು. ಬಾಣ ನಾಟುವವರೆಗೂ ಬಿಲ್ಲು ಹಿಡಿದ ಕೈ ಇಳಿಯಬಾರದು.

ನನ್ನ ನೋಟ್‌ಬುಕ್ಕಿಗೂ ಹೊಸ ಕೆಲಸ ಸಿಕ್ಕಿತು. ಬೆರಳು ಬಾಯಿಯ ಮೂಲೆಗೆ ಬಂತೇ? ಅವನೇ “ಬಂತು” ಅಥವಾ “ಇಲ್ಲ” ಎನ್ನುತ್ತಿದ್ದ. ನಾನು ಬರಿ ಗುರುತು ಹಾಕುತ್ತಿದ್ದೆ. ಮೊದಲ ದಿನ ‘ಇಲ್ಲ’ಗಳೇ ಹೆಚ್ಚು. ತಿಂಗಳು ಕಳೆಯುವಷ್ಟರಲ್ಲಿ ಹುಡುಕಿದರೂ ನಾಲ್ಕೈದು.

ಆಮೇಲೆ ಮತ್ತೆ 30 ಮೀಟರ್, ಮತ್ತೆ ಬಣ್ಣದ ಕಾಗದ. ಮೊದಲ ಬಾಣ ಗುರಿಯನ್ನೇ ಬಿಟ್ಟು ಹೋಯಿತು. ಮೊದಲಾಗಿದ್ದರೆ ತಿರುಗಿ ನನ್ನ ಮುಖ ನೋಡುತ್ತಿದ್ದ. ಈ ಸಲ ನೋಡಲಿಲ್ಲ. ಇನ್ನೊಂದು ಬಾಣ ತೆಗೆದು, ಹೆದೆಯನ್ನು ನಿಧಾನವಾಗಿ ಎಳೆದ. ನನಗೆ ಅಷ್ಟೇ ಸಾಕಾಯಿತು.

ಬಿಲ್ಲು ಹಿಡಿಯುವ ಮಕ್ಕಳು ಎರಡು ಮಾತು ಮರೆಯಬೇಡಿ: ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಬಿಲ್ಲು ಮುರಿಯಬಹುದು, ಎದುರಿಗೆ ಯಾರಾದರೂ ಇದ್ದರೆ ಬಿಲ್ಲನ್ನು ಎತ್ತಲೇಬಾರದು.

ಅಜ್ಜಂದಿರಿಗೆ ಒಂದೇ ಮಾತು: ಮೈದಾನಕ್ಕೆ ಜೊತೆಯಲ್ಲಿ ಹೋಗಿ, ಕೂಡಿಸುವ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಹೋಗಿ.