ದಂಡಿನ ಬೀದಿಗೆ ಕನ್ನಡ ಯಾಕೆ ತಡವಾಗಿ ಬಂತು?

ಕನ್ನಡದ ಹುಡುಗರೇ, ಹುಡುಗಿಯರೇ,

ಶಿವಾಜಿನಗರ ಅಂದರೆ ನಿಮ್ಮಲ್ಲಿ ಬಹಳ ಜನ ಮೂಗು ಮುರಿಯುತ್ತೀರಿ. ‘ಅದು ನಮ್ಮ ಬೆಂಗಳೂರೇ ಅಲ್ಲ ಸಾರ್, ತಮಿಳು, ಉರ್ದು ಬಿಟ್ಟರೆ ಅಲ್ಲೇನಿದೆ?’ ಎಂದು ನನ್ನ ಎದುರೇ ಹೇಳಿದವರಿದ್ದಾರೆ. ನಾನು ಅಲ್ಲೇ ಹುಟ್ಟಿದವನು. ರಸೆಲ್ ಮಾರುಕಟ್ಟೆ ಹತ್ತಿರದ ಗಲ್ಲಿಯಲ್ಲಿ ಅಪ್ಪ ಇಟ್ಟ ಪ್ರೆಸ್ಸನ್ನು ಇವತ್ತಿಗೂ ನಡೆಸುತ್ತಿದ್ದೇನೆ. ಪಿ.ಯು.ಸಿ.ಗೆ ಓದು ನಿಲ್ಲಿಸಿದವನು, ಇತಿಹಾಸದ ಮೇಷ್ಟ್ರಲ್ಲ. ಆದರೆ ಈ ಬೀದಿಗೆ ಕನ್ನಡ ಯಾಕೆ ತಡವಾಗಿ ಬಂತು ಎಂದು ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ಕೇಳಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡು ಬಿಟ್ಟಿತು. ಅಲ್ಲಿಯ ಜ್ವರ ತಡೆಯಲಾರದೆ 1809ರಲ್ಲಿ ಬೆಂಗಳೂರಿನ ಹಲಸೂರು ಕಡೆಗೆ ಬಂತು. ಅದೇ ದಂಡು. ಸೈನ್ಯವೆಂದರೆ ಬರೀ ಸಿಪಾಯಿಗಳೇ? ಅಡಿಗೆಯವರು, ಅಗಸರು, ಗಾಡಿಯವರು, ಕಂತ್ರಾಟುದಾರರು, ಬಟ್ಟೆ ವ್ಯಾಪಾರಿಗಳು ಎಲ್ಲರೂ ಮದ್ರಾಸ್ ಸೀಮೆಯಿಂದ ಹಿಂದೆಯೇ ಬಂದರು. ನಮ್ಮ ಹೈಕೋರ್ಟ್ ಇರುವ ಆ ಕೆಂಪು ಅಠಾರ ಕಚೇರಿ ಇದೆಯಲ್ಲ, ಅದನ್ನು ಕಟ್ಟಿಸಿದ ಕಂತ್ರಾಟುದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1873ರಲ್ಲಿ ಬಡ ಮಕ್ಕಳಿಗೆ ಶಾಲೆ ತೆರೆದವರೂ ಅವರೇ. 1864ರಲ್ಲಿ ಮದ್ರಾಸ್ ಕಡೆಯಿಂದ ಬಂದ ರೈಲು ಮೊದಲು ನಿಂತದ್ದೂ ಪೇಟೆಯಲ್ಲಲ್ಲ, ದಂಡಿನಲ್ಲಿ.

ಇನ್ನು ಮುಖ್ಯ ವಿಷಯ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ವಾಪಸು ಕೊಟ್ಟಾಗ ಬ್ರಿಟಿಷರು ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆಗೆ ಮಹಾರಾಜರ ಆಡಳಿತ, ದಂಡಿಗೆ ರೆಸಿಡೆಂಟನ ಆಡಳಿತ. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. 1947ರ ಜುಲೈವರೆಗೂ ಇದೇ ಕಥೆ. 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ಅಂದರೆ 138 ವರ್ಷ ಇಲ್ಲಿ ಬದುಕಿದವನಿಗೆ ಅರ್ಜಿ ಕೊಡಲು, ಕಂದಾಯ ಕಟ್ಟಲು, ಕೆಲಸ ಹಿಡಿಯಲು ಕನ್ನಡ ಬೇಕಾಗಲೇ ಇಲ್ಲ. ಅನ್ನಕ್ಕೆ ಬೇಡದ ಭಾಷೆಯನ್ನು ಯಾರು ಕಲಿತಾರು? ತಪ್ಪು ಆ ಕಚೇರಿಯದೋ, ಸೊಪ್ಪು ಮಾರುವ ಮುದುಕಿಯದೋ, ನೀವೇ ಹೇಳಿ!

ನನ್ನ ಪ್ರೆಸ್ಸಿನ ಮಾತಿಗೆ ಬರುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದವರು ಒಬ್ಬ ತಮಿಳರು. ನಾನು ‘ಮಾಮ’ ಎನ್ನುತ್ತಿದ್ದೆ. ಮನೆಮಾತು ತಮಿಳು, ಆದರೆ ಕನ್ನಡದ ಒತ್ತಕ್ಷರದ ಮೊಳೆಗಳು ಯಾವ ಮನೆಯಲ್ಲಿವೆ ಎಂದು ಕಣ್ಣು ಮುಚ್ಚಿ ಕೈ ಹಾಕುತ್ತಿದ್ದರು. ನನಗೆ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ತಿದ್ದಿದವರು ಅವರು, ಶಾಲೆಯ ಮೇಷ್ಟ್ರಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ ಶುರುವಾಯಿತು. ನಮಗೆ ನ್ಯಾಯ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಾವೇರಿ ನಮ್ಮದು ಎಂಬ ಕರಪತ್ರ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು, ಮೊಳೆ ಜೋಡಿಸಿದ್ದು ಮಾಮ. ಎರಡು ದಿನ ಬಿಟ್ಟು ಅವರ ಗುಡಿಸಲ ಸಾಲಿಗೆ ಬೆಂಕಿ ಬಿತ್ತು. ಅಪ್ಪ ಹುಡುಕಿಕೊಂಡು ಹೋದಾಗ ಮೋರಿಯ ಪಕ್ಕ ಕೂತಿದ್ದರಂತೆ. ‘ಏಳಣ್ಣ, ಪ್ರೆಸ್ಸಿಗೆ ಹೋಗೋಣ’ ಎಂದು ಅಪ್ಪ ಕರೆತಂದರು. ಹನ್ನೆರಡು ದಿನ ಕಾಗದದ ರೀಮುಗಳ ಮೇಲೆ ಮಲಗಿದರು. ಆಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟರು. ಅವರು ನಮ್ಮ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಆ ಕರಪತ್ರ ಓದಿದವರು ಯಾರಾದರೂ ಆ ಬೆಂಕಿಯಲ್ಲಿ ಇದ್ದರೋ ಏನೋ ಎಂಬ ಸಂಶಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. 1994ರಲ್ಲಿ ದೂರದರ್ಶನದ ಉರ್ದು ವಾರ್ತೆಯ ಗಲಾಟೆಯಾದಾಗ ಅಪ್ಪ ಪ್ರೆಸ್ಸಿಗೆ ಬೀಗ ಹಾಕಿ ಬಾಗಿಲಲ್ಲೇ ಕೂತಿದ್ದರು.

ಹಲಸೂರು ಕೆರೆ ಬಳಿಯ ತಿರುವಳ್ಳುವರ್ ಪ್ರತಿಮೆ 1991ರಿಂದ 18 ವರ್ಷ ಮುಸುಕು ಹಾಕಿಕೊಂಡು ನಿಂತಿತ್ತು. 2009ರ ಆಗಸ್ಟಿನಲ್ಲಿ ಮುಸುಕು ತೆಗೆದರು. ನಾಲ್ಕೇ ದಿನಕ್ಕೆ ಚೆನ್ನೈಯಲ್ಲಿ ನಮ್ಮ ಸರ್ವಜ್ಞ ನಿಂತ. ಆಕಾಶವೇನೂ ಕಳಚಿ ಬೀಳಲಿಲ್ಲ!

ಹಾಗಾದರೆ ಸುಮ್ಮನಿರಬೇಕೇ? ಖಂಡಿತ ಇಲ್ಲ. ಅಂಗಡಿ ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕು ಎಂದದ್ದು ಸರಿ. ಆ ಕಾನೂನು ಬಿಗಿಯಾದ ಮೇಲೆ ನನ್ನ ಗಲ್ಲಿಯವರು ಕನ್ನಡ ಬರೆಸಲು ಸಾಲು ನಿಂತರು. ಯಾರೂ ಜಗಳವಾಡಲಿಲ್ಲ. ಜಗಳವಾಡಿದವನು ನಾನು, ಕಂಪ್ಯೂಟರು ಕೊಟ್ಟ ಅಡ್ಡಾದಿಡ್ಡಿ ಕನ್ನಡವನ್ನು ತಿದ್ದದೆ ಅಚ್ಚು ಹಾಕುವುದಿಲ್ಲ ಎಂದು. ಮೊದಲು ಲಗ್ನಪತ್ರಿಕೆಯಲ್ಲಿ ತಮಿಳು, ಇಂಗ್ಲಿಷ್ ಎರಡೇ ಇರುತ್ತಿತ್ತು. ಈಗ ಅದೇ ಮನೆಗಳ ಮೊಮ್ಮಕ್ಕಳು ‘ಅಣ್ಣಾ, ಕನ್ನಡದಲ್ಲೂ ಹಾಕಿ, ಆಫೀಸಿನವರಿಗೆ ಕೊಡಬೇಕು’ ಎನ್ನುತ್ತಾರೆ. ಸೇಂಟ್ ಮೇರಿ ಬೆಸಿಲಿಕಾದಲ್ಲಿ ತಮಿಳು, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಪೂಜೆ ನಡೆಯುತ್ತದೆ. ಸೆಪ್ಟೆಂಬರ್ 8ರ ಹಬ್ಬದ ದಿನ ಬಂದು ನೋಡಿ, ಕಾವಿ ಸೀರೆಯ ಜನಸಾಗರದಲ್ಲಿ ಯಾರು ಯಾವ ಧರ್ಮ ಎಂದು ಹೇಳುವುದೇ ಕಷ್ಟ.

ಸಿಟ್ಟು ಬರುವುದು ನಿಮ್ಮ ಮೇಲೆ. ಮೊನ್ನೆ ಮಾರುಕಟ್ಟೆಯಲ್ಲಿ ಜಯನಗರದ ಕಡೆಯ ಹುಡುಗನೊಬ್ಬ, ಕೊರಳಲ್ಲಿ ಹಳದಿ ಕೆಂಪು ಶಲ್ಯ, ಹಣ್ಣಿನವನಿಗೆ ‘ಕಿತನಾ ಭಯ್ಯಾ?’ ಎಂದ. ಹಣ್ಣಿನವನು ‘ಕೇಜಿ ನೂರಿಪ್ಪತ್ತು ಸಾರ್, ತಗೊಳ್ಳಿ’ ಎಂದ, ಅಚ್ಚ ಕನ್ನಡದಲ್ಲಿ! ಹುಡುಗ ಮತ್ತೆ ಹಿಂದಿಯಲ್ಲೇ ಚೌಕಾಸಿ ಮಾಡಿದ. ಮಸಿ ಬಳಿಯುವುದಾದರೆ ಎಲ್ಲಿಗೆ ಬಳಿಯೋಣ?

ನಾನು ಓದಿದ ಶಾಲೆಯ ಕನ್ನಡ ವಿಭಾಗ ಮಕ್ಕಳಿಲ್ಲವೆಂದು ಮುಚ್ಚಿತು. ಕೇಳಲು ಹೋದಾಗ ನಮ್ಮ ಸಂಘದ ಗೆಳೆಯರಲ್ಲಿ ನನ್ನ ಜೊತೆ ಬಂದವರು ಇಬ್ಬರು. ಅವರ ಮಕ್ಕಳೂ ಇಂಗ್ಲಿಷ್ ಶಾಲೆಯಲ್ಲೇ. ನನ್ನ ಮಗಳೂ ಅಲ್ಲೇ, ಮುಚ್ಚಿಡುವುದೇನು.

ಪ್ರೆಸ್ಸಿನ ಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕನ್ನಡ ಪಾಠ ಶುರು ಮಾಡಿದ್ದೇನೆ. ಇಬ್ಬರು ಟೈಲರ್‌ಗಳು, ಒಬ್ಬ ಬಿರಿಯಾನಿ ಅಂಗಡಿಯವನು, ಬಿಹಾರದ ಒಬ್ಬ ಹುಡುಗ, ಮೂವರು ನರ್ಸಮ್ಮಗಳು ಬರುತ್ತಿದ್ದಾರೆ. ನನಗೆ ಗೊತ್ತಿರುವುದು ಮೊಳೆ ಜೋಡಿಸುವಷ್ಟು ಕನ್ನಡ, ವ್ಯಾಕರಣ ಕೇಳಿದರೆ ತಡವರಿಸುತ್ತೇನೆ. ಕಪ್ಪುಹಲಗೆ ಇದೆ, ಸೀಮೆಸುಣ್ಣ ಇದೆ, ಟೀ ನನ್ನ ಖರ್ಚು. ಕಲಿಸುವವರು ಇಬ್ಬರು ಬೇಕು.