ಯಂತ್ರವಿಲ್ಲದ ನಕ್ಷತ್ರಭಕ್ತಿ

ನಮ್ಮ ಜಿಲ್ಲೆಯ ಸುಶಿಕ್ಷಿತರ ಮನೆಗಳಲ್ಲಿ ಖಗೋಲಶಾಸ್ತ್ರದ ಮಾತು ಬಂದೊಡನೆ ಎರಡು ಪಕ್ಷಗಳು ತಲೆಯೆತ್ತುವವು. “ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮಲ್ಲಿಗೆ ಹೂವೇಕೆ?” ಎಂಬುದು ಒಂದು. “ಇದೆಲ್ಲವನ್ನೂ ನಮ್ಮ ಪೂರ್ವಿಕರು ಎಂದೋ ಬಲ್ಲರು, ಹೊಸದಾಗಿ ಕಾಣುವದೇನಿದೆ?” ಎಂಬುದು ಮತ್ತೊಂದು. ಒಂದಕ್ಕೊಂದು ವಿರುದ್ಧವಾಗಿ ತೋರುವ ಈ ಪಕ್ಷಗಳ ಫಲ ಮಾತ್ರ ಒಂದೇ: ಉಪಕರಣವನ್ನು ಮಾಡುವ ಕೈಗೆ ಅನಾದರ. ಈ ಅನಾದರವನ್ನು ಖಂಡಿಸುವದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯವನ್ನು ತಿಳಿಯೋಣ. 1995ರಲ್ಲಿ ಸ್ವಿಟ್ಝರ್ಲಂಡಿನ ಮೇಯರ್ ಮತ್ತು ಕೆಲೋ ಎಂಬ ವಿದ್ವಾಂಸರು, ನಮ್ಮ ಸೂರ್ಯನಂಥ ಮತ್ತೊಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ಮೊದಲ ಸಲ ಕಂಡುಹಿಡಿದರು. ಇಂದು ಇಂಥ ಸೌರೇತರ ಗ್ರಹಗಳ ಗಣನೆಯು ಆರು ಸಾವಿರವನ್ನು ಮೀರಿದೆ. ಆದರೆ ಅವುಗಳಲ್ಲಿ ಬಹುತೇಕವು ಪ್ರತ್ಯಕ್ಷವಲ್ಲ, ಅನುಮಾನಸಿದ್ಧ. ನಕ್ಷತ್ರವು ತುಸು ತೂಗಾಡಿದ್ದರಿಂದ, ಇಲ್ಲವೆ ಗ್ರಹವು ಅಡ್ಡಬಂದಾಗ ನಕ್ಷತ್ರದ ಬೆಳಕು ತುಸು ಕುಂದಿದ್ದರಿಂದ ತಿಳಿದುಬಂದವು. ವೃತ್ತಪತ್ರಗಳಲ್ಲಿ ನೀಲಸಮುದ್ರ ಬಿಳಿಮೋಡಗಳೊಡನೆ ಅಚ್ಚಾಗುವ ಅವುಗಳ ಚಿತ್ರಗಳು ಚಿತ್ರಗಾರನ ಕಲ್ಪನೆಗಳೇ ಹೊರತು ಛಾಯಾಚಿತ್ರಗಳಲ್ಲ. 2008ರಲ್ಲಿ ಎಚ್.ಆರ್. 8799 ಎಂಬ ನಕ್ಷತ್ರದ ಮೂರು ಗ್ರಹಗಳ ನಿಜವಾದ ಚಿತ್ರವು ಪ್ರಕಟವಾಯಿತು, ಅಹುದು. ಆದರೆ ಅವು ಗುರುವಿಗಿಂತಲೂ ಭಾರವಾದ, ಹುಟ್ಟಿನ ಕಾವು ಇನ್ನೂ ಆರದ ಗ್ರಹಗಳು. ಜೀವಿಗಳು ಬಾಳಬಹುದಾದ, ಭೂಮಿಯಂಥ ಗ್ರಹವೊಂದರ ಚಿತ್ರವನ್ನು ಈವರೆಗೆ ಯಾರೂ ತೆಗೆದಿಲ್ಲ. ತೆಗೆದಂದು, ಅದರ ಬೆಳಕನ್ನು ಬಿಡಿಸಿ ಅಲ್ಲಿ ನೀರಾವಿ ಇದೆಯೋ, ಪ್ರಾಣವಾಯು ಇದೆಯೋ ಎಂಬುದನ್ನು ನೋಡಬಹುದು.

ಇದು ಇಷ್ಟು ದುಸ್ಸಾಧ್ಯವೇಕೆ? ನಮ್ಮ ಸೂರ್ಯ ಮತ್ತು ಭೂಮಿಯನ್ನು 33 ಜ್ಯೋತಿರ್ವರ್ಷಗಳಷ್ಟು ದೂರದಿಂದ ನೋಡಿದರೆ ಅವುಗಳ ನಡುವಣ ಅಂತರವು, ಒಂದು ಕಿಲೋಮೀಟರ್ ಆಚೆ ಹಿಡಿದ ಅರ್ಧ ಮಿಲಿಮೀಟರ್ ದಪ್ಪದ ನೂಲಿನಷ್ಟು ಮಾತ್ರ ಕಾಣುವದು. ಆ ನೂಲಿನ ಒಂದು ಮಗ್ಗಲಿಗೆ ಸೂರ್ಯ. ಇನ್ನೊಂದು ಮಗ್ಗಲಿಗೆ ಅವನಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕಾದ ಭೂಮಿ.

ಇಲ್ಲಿ ಪಾಂಡಿತ್ಯವೊಂದೇ ಸಾಲದು, ಕರಕೌಶಲವೂ ಬೇಕು. ಪ್ರಖರವಾದ ಬಿಂಬವನ್ನು ಯಂತ್ರದೊಳಗೇ ಮರೆಮಾಡಿ ಅದರ ಮಗ್ಗುಲಿನ ಮಂಕು ಬೆಳಕನ್ನು ತೋರಿಸುವ ಉಪಕರಣಕ್ಕೆ ಕರೋನಾಗ್ರಾಫ್ ಎಂದು ಹೆಸರು. ಗ್ರಹಣವಿಲ್ಲದೆಯೇ ಸೂರ್ಯನ ಪ್ರಭಾವಲಯವನ್ನು ನೋಡಲೆಂದು ಫ್ರಾನ್ಸಿನ ಬರ್ನಾರ್ ಲಿಯೋ ಎಂಬವನು 1930ರ ಸುಮಾರಿಗೆ ಅದನ್ನು ರಚಿಸಿದನು. 2023ರ ಸಪ್ಟಂಬರ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿರುವ ಇಂಥ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಕನ್ನಡನಾಡಿನ ಹೊಸಕೋಟೆಯಲ್ಲಿಯೇ ಜೋಡಿಸಿದರು. ಗ್ರಹಗಳನ್ನು ಹುಡುಕುವದು ಅದರ ಕೆಲಸವಲ್ಲ. ಆದರೆ ತತ್ತ್ವ ಅದೇ.

ಅದೇ ಹೊಸಕೋಟೆಯಲ್ಲಿ, ಮೂವತ್ತು ಮೀಟರ್ ಅಗಲದ ದುರ್ಬೀನೊಂದಕ್ಕಾಗಿ ಕನ್ನಡಿಗಳನ್ನು ಉಜ್ಜಿ ನಯಗೊಳಿಸುವ ಕರ್ಮಶಾಲೆ ಏರ್ಪಟ್ಟಿದೆ. ಸೂರ್ಯನಂಥ ನಕ್ಷತ್ರಗಳ ಬಳಿಯ ಭೂಮಿಗಳನ್ನು ಕಾಣಲು ಅಂತರಿಕ್ಷದ ದೂರದರ್ಶಕವೇ ಬೇಕಾದೀತು; ಸಮೀಪದ ಕಿರಿಯ ಕೆಂಪು ನಕ್ಷತ್ರಗಳ ಗ್ರಹಗಳನ್ನಾದರೂ ಇಂಥ ನೆಲದ ಕಣ್ಣು ಹಿಡಿದೀತೆಂದು ತಜ್ಞರ ಆಶೆ. ಇದರ ಮುಖ್ಯ ಕನ್ನಡಿಯು ಅಖಂಡವಲ್ಲ. 492 ಷಟ್ಕೋನಗಳ ಕೂಡಿಕೆ. ಸಂದುಗಳಿದ್ದರೂ ಎಲ್ಲವೂ ಕೂಡಿ ಒಂದೇ ಕನ್ನಡಿಯಂತೆ ಬೆಳಕನ್ನು ಹಿಡಿಯಬೇಕು. ಇಳಕಲ್ಲಿನ ಮಗ್ಗವನ್ನು ಬಲ್ಲವರಿಗೆ ಇದು ತೀರ ಹೊಸ ಮಾತೇ? ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಒಂದೇ ಸೀರೆಯಾಗಿಸುವ ನೇಕಾರರು ನಮ್ಮ ನೆರೆಮನೆಯವರು. ಆದರೂ “ಗಾಜು ಉಜ್ಜುವ ವರನಿಗೆ ಹೆಣ್ಣು ಕೊಡಬಹುದೇ?” ಎಂದು ಕೇಳುವ ಮನೆಗಳು ನಮ್ಮಲ್ಲಿ ಇನ್ನೂ ಇರುವವು!

ಈಗ ಮೊದಲನೆಯ ಪಕ್ಷಕ್ಕೆ ಉತ್ತರ. ಈ ದೂರದರ್ಶಕದಲ್ಲಿ ಪಾಲುಗೊಳ್ಳಲು ಭಾರತ ಸರಕಾರವು 2014ರಲ್ಲಿ ಸುಮಾರು 1300 ಕೋಟಿ ರೂಪಾಯಿಗಳಿಗೆ ಒಪ್ಪಿಗೆಯಿತ್ತಿತು. ಆಲಮಟ್ಟಿಯ ಹಿನ್ನೀರಿಗೆ ಮನೆಮಾರುಗಳನ್ನು ಒಪ್ಪಿಸಿದ ಬಾಗಲಕೋಟೆಯವರು ಈ ಅಂಕಿಯನ್ನು ಕೇಳಿ ಹುಬ್ಬೇರಿಸಿದರೆ ನಾನು ನಗಲಾರೆನು. ಆದರೆ ಆ ಪಾಲಿನ ಹೆಚ್ಚಿನ ಅಂಶವು ರೊಕ್ಕವಾಗಿ ಹೊರದೇಶಕ್ಕೆ ಹೋಗತಕ್ಕದ್ದಲ್ಲ. ಇಲ್ಲಿಯವರ ಕೈಯಿಂದ ಆದ ಸಾಮಾನುಗಳಾಗಿ ಸಲ್ಲತಕ್ಕದ್ದು. ಅದನ್ನು ಹವಾಯಿಯ ಮೌನಾಕೇಯ ಪರ್ವತದಲ್ಲಿ ನಿಲ್ಲಿಸಬೇಕೆಂದಾಗ, ಆ ಗಿರಿಯನ್ನು ಪವಿತ್ರವೆಂದು ನಂಬಿದ ಮೂಲನಿವಾಸಿಗಳು ಅಡ್ಡನಿಂತರು; ಊರನ್ನು ಕಳಕೊಂಡ ನಮಗೆ ಅವರ ಅಳಲು ಅರಿಯದ್ದಲ್ಲ. ಆ ದೂರದರ್ಶಕವು ಎಲ್ಲಿಯೇ ನಿಲ್ಲಲಿ, ನಿಲ್ಲದೆಯೇ ಹೋಗಲಿ, ಕಲಿತ ಕೈಗಳು ನಮ್ಮಲ್ಲಿಯೇ ಉಳಿಯುವವು. ಬಡವನಿಗೆ ಬೇಕಾದದ್ದು ವಿದ್ಯೆಯಲ್ಲವೆಂದು ಯಾರು ಹೇಳಿದರು?

ಎರಡನೆಯ ಪಕ್ಷದವರು ಭಾಸ್ಕರಾಚಾರ್ಯನನ್ನು ಮುಂದೆ ಮಾಡುವರು. ಅವನ ವಿಜ್ಜಡವಿಡವು ನಮ್ಮ ವಿಜಾಪುರವೋ ಅಲ್ಲವೋ ಎಂಬ ವಾದದಲ್ಲಿ ನಾವು ಖರ್ಚು ಮಾಡಿದ ಮಸಿಗೆ ಲೆಕ್ಕವಿಲ್ಲ. ಅವನು ಗೋಲಾಧ್ಯಾಯದಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಫಲಕಯಂತ್ರವನ್ನು ಮಾಡುವ ಬಗೆಯನ್ನು ವಿವರಿಸಿದ್ದನ್ನು ಎಷ್ಟು ಜನರು ಓದಿರುವರು? ಬುದ್ಧಿಯೇ ಪರಮಯಂತ್ರವೆಂದು ಅವನೇ ಹೇಳಿರುವನಲ್ಲಾ ಎಂದರೆ, ಅಹುದು, ಹೇಳಿರುವನು. ಆದರೆ ಉಳಿದ ಯಂತ್ರಗಳನ್ನೂ ಬಿಡದೆ ವರ್ಣಿಸಿ ಹೇಳಿರುವನು. ನಾವು ಆ ಒಂದು ಮಾತನ್ನು ಹಿಡಿದು ಉಳಿದದ್ದನ್ನು ಬಿಟ್ಟೆವು. ಬಾದಾಮಿಯ ಮೂರನೆಯ ಗುಹೆಯು ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಬಂಡೆಯಿಂದ ಹೊರಬಂದದ್ದು ಭಕ್ತಿಯೊಂದರಿಂದಲೇ ಅಲ್ಲ, ಉಳಿಯಿಂದಲೂ.

ನನ್ನ ಬೇಡಿಕೆ ದೊಡ್ಡದಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ನಾಲ್ಕು ಊರುಗಳಲ್ಲಿ ಒಂದೊಂದು ಹೈಸ್ಕೂಲಿನ ಹುಡುಗರೂ ಹುಡುಗಿಯರೂ ಕೂಡಿ, ವರ್ಷಕ್ಕೆ ಒಂದು ಆರಂಗುಲದ ಕನ್ನಡಿಯನ್ನು ತಮ್ಮ ಕೈಯಿಂದಲೇ ಉಜ್ಜಲಿ. ಬೇಕಾದದ್ದು ಎರಡು ದಪ್ಪ ಗಾಜಿನ ಬಿಲ್ಲೆ, ಸಾಣೆಪುಡಿ, ನೀರು, ನಯಗೊಳಿಸಲು ರಾಳ. ಪರೀಕ್ಷೆಗೆ ಒಂದು ದೀಪ ಮತ್ತು ಕ್ಷೌರದ ಅಲಗು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ತಪ್ಪನ್ನೂ ಆ ಅಲಗಿನ ನೆರಳು ತೋರಿಸಿಕೊಡುವದು. ಆ ಕನ್ನಡಿಗೆ ಅನ್ಯಸೂರ್ಯರ ಗ್ರಹಗಳು ಕಾಣಲಾರವು. ಶನಿಯ ಬಳೆ ಕಾಣುವದು, ಗುರುವಿನ ಚಂದ್ರರು ಕಾಣುವರು. ಅದನ್ನು ಉಜ್ಜಿದ ಮಕ್ಕಳಲ್ಲಿ ಒಬ್ಬಿಬ್ಬರು ಮುಂದೆ ಹೊಸಕೋಟೆಯ ಕರ್ಮಶಾಲೆಗೆ ಹೋದಾರು. ಮೊದಲನೆಯ ಜೋಡಿ ಗಾಜಿನ ಬೆಲೆಯನ್ನು ನಮ್ಮ ಸಂಘವು ಮುಂದಿನ ಸಭೆಯಲ್ಲಿಯೇ ಮಂಜೂರು ಮಾಡಲಿ. ವಿರೋಧಿಸುವವರು ಎದ್ದುನಿಂತು ಕಾರಣವನ್ನು ಹೇಳಲಿ. ಉತ್ತರಕ್ಕೆ ನಾನು ಸಿದ್ಧನಿರುವೆನು.